ತಂಪು ಗೋಪುರದ ನೀರು: ರೈತನಿಗೂ ಬೇಕಾದ ಲೆಕ್ಕ



ರಾಯಚೂರು ಸೀಮೆಯ ಬಿಸಿಲನ್ನು ನಿಮಗೆ ಹೊಸದಾಗಿ ಹೇಳಬೇಕಾಗಿಲ್ಲ. ಚಂದ್ರಬಂಡವಾಗಲಿ, ಮಾನ್ವಿ, ದೇವದುರ್ಗದ ಹಳ್ಳಿಗಳಾಗಲಿ, ಬೇಸಿಗೆಯ ಮಧ್ಯಾಹ್ನ ಹೊಲದಿಂದ ಬಂದವನಿಗೆ ಮಣ್ಣಿನ ಹರವಿಯ ನೀರೇ ಅಮೃತ. ಆ ಹರವಿ ತಂಪಾಗುವುದು ಹೇಗೆ? ಅದರ ಮೈಯಿಂದ ಜಿನುಗಿದ ನೀರು ಆವಿಯಾಗುತ್ತದೆ. ಆವಿ ಹೋಗುವಾಗ ಒಳಗಿನ ಕಾವನ್ನು ಹೊತ್ತುಕೊಂಡು ಹೋಗುತ್ತದೆ. ಒಂದು ಲೀಟರ್ ನೀರು ಆವಿಯಾದರೆ ಸುಮಾರು 58 ಲೀಟರ್ ನೀರನ್ನು 10 ಡಿಗ್ರಿ ತಣ್ಣಗೆ ಮಾಡುವಷ್ಟು ಶಾಖ ಅದರೊಡನೆ ಹೋಗುತ್ತದೆ.

ಇನ್ನು ಎರಡು ಬೇಸಿಗೆ ಬಳಸಿದ ಹರವಿಯ ಹೊರಮೈ ನೋಡಿರಿ. ಬಿಳಿಯ ಉಪ್ಪು ಕಟ್ಟಿರುತ್ತದೆ, ಅಡಿಯಲ್ಲಿ ಹಸಿರು ಪಾಚಿ ಹಿಡಿದಿರುತ್ತದೆ, ಒಳಗೆ ಕೈಯಾಡಿಸಿದರೆ ಲೋಳೆ ಹತ್ತುತ್ತದೆ. ಅಂಥ ಹರವಿ ಮೊದಲಿನಷ್ಟು ತಂಪು ಕೊಡದು. ತಂಪು ಮಾಡುವ ನೀರೇ ಉಪ್ಪನ್ನೂ ಪಾಚಿಯನ್ನೂ ತಂದು ಹಚ್ಚುತ್ತದೆ.

ಹರವಿಯಲ್ಲಿ ನಡೆಯುವ ಈ ಕೆಲಸವೇ ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಸ್ಥಾವರದಲ್ಲಿ ಕೋಟಿ ಕೋಟಿ ಲೀಟರ್ ಪ್ರಮಾಣದಲ್ಲಿ ನಡೆಯುತ್ತದೆ. "ಕಾರ್ಖಾನೆಯ ನೀರಿನ ಮಾತು ನಮಗೇಕೆ?" ಎಂದು ನೀವು ಕೇಳಬಹುದು. ಅದಕ್ಕೆ ಮೂರು ಕಾರಣಗಳಿವೆ. ಒಂದು, ಆ ನೀರು ಕೃಷ್ಣಾ ನದಿಯದು; ಅದನ್ನೇ ನಂಬಿದ ಹೊಲಗಳೂ ಊರುಗಳೂ ನಮ್ಮವು. ಎರಡು, ಅಂಥ ಕಾರ್ಖಾನೆಗಳಲ್ಲಿ ಗುತ್ತಿಗೆ ಕೂಲಿಗೆ ಹೋಗುವವರು ಹಳ್ಳಿಯ ಹುಡುಗರೇ. ಮೂರು, ಅಲ್ಲಿ ನೀರಿಗೆ ಮಾಡುವ ಆರೈಕೆಯನ್ನು ತಿಳಿದುಕೊಂಡರೆ ನಿಮ್ಮ ಮನೆಯ ಕೂಲರಿಗೂ ಹೊಲದ ಹನಿ ನೀರಾವರಿಯ ಕೊಳವೆಗೂ ಅದೇ ಉಪಯೋಗಕ್ಕೆ ಬರುತ್ತದೆ.

ಕೃಷ್ಣೆಯ ನೀರು ಅಲ್ಲಿ ಮಾಡುವ ಕೆಲಸ

ಶಕ್ತಿನಗರದ ಮೊದಲ ಘಟಕ ಓಡತೊಡಗಿದ್ದು 1985ರಲ್ಲಿ. ಒಂದಾದ ಮೇಲೊಂದು 210 ಮೆಗಾವಾಟಿನ ಏಳು ಘಟಕಗಳು ಬಂದವು. 2010ರಲ್ಲಿ 250 ಮೆಗಾವಾಟಿನ ಎಂಟನೆಯದು ಸೇರಿ ಒಟ್ಟು ಸಾಮರ್ಥ್ಯ 1720 ಮೆಗಾವಾಟ್ ಆಯಿತು. ಮುಂದೆ 2017ರಲ್ಲಿ ಯರಮರಸಿನಲ್ಲಿ ತಲಾ 800 ಮೆಗಾವಾಟಿನ ಇನ್ನೆರಡು ಘಟಕಗಳು ಉತ್ಪಾದನೆಗೆ ಇಳಿದವು.

ಕಲ್ಲಿದ್ದಲು ಸುಟ್ಟು ನೀರನ್ನು ಉಗಿ ಮಾಡುತ್ತಾರೆ. ಉಗಿ ಟರ್ಬೈನನ್ನು ತಿರುಗಿಸುತ್ತದೆ. ತಿರುಗಿಸಿ ಬಂದ ಉಗಿಯನ್ನು ಮತ್ತೆ ನೀರಾಗಿಸಬೇಕು. ಇದು ನಡೆಯುವುದು ಕಂಡೆನ್ಸರ್ ಎಂಬ ದೊಡ್ಡ ಪೆಟ್ಟಿಗೆಯಲ್ಲಿ. ಅದರೊಳಗೆ ಬೆರಳು ಗಾತ್ರದ ಸಾವಿರಾರು ಕೊಳವೆಗಳಿರುತ್ತವೆ. ಕೊಳವೆಗಳ ಒಳಗೆ ತಣ್ಣೀರು ಹರಿಯುತ್ತದೆ. ಹೊರಗೆ ಉಗಿ ತಾಗಿ ನೀರಾಗುತ್ತದೆ. ಹೀಗೆ ಬಿಸಿಯಾದ ನೀರನ್ನು ತಂಪು ಗೋಪುರದ ಮೇಲಿಂದ ಮಳೆಯಂತೆ ಸುರಿಸುತ್ತಾರೆ. ಎದುರಿನಿಂದ ಗಾಳಿ ಬೀಸಿ, ಒಂದಷ್ಟು ನೀರು ಆವಿಯಾಗಿ, ಉಳಿದದ್ದು ತಂಪಾಗಿ ಕೆಳಗಿನ ತೊಟ್ಟಿಗೆ ಬೀಳುತ್ತದೆ. ಅಲ್ಲಿಂದ ಅದೇ ನೀರು ಪುನಃ ಕಂಡೆನ್ಸರಿಗೆ ಹೋಗುತ್ತದೆ.

210 ಮೆಗಾವಾಟಿನ ಒಂದು ಘಟಕಕ್ಕೆ ಸಾಮಾನ್ಯವಾಗಿ ಗಂಟೆಗೆ 25ರಿಂದ 30 ಸಾವಿರ ಘನ ಮೀಟರ್ ನೀರು ಹೀಗೆ ಸುತ್ತಬೇಕು. ಒಂದು ಘನ ಮೀಟರ್ ಎಂದರೆ ಸಾವಿರ ಲೀಟರ್. ಅದರಲ್ಲಿ ಆವಿಯಾಗುವುದು ನೂರಕ್ಕೆ ಎರಡು ಪಾಲಿಗಿಂತ ಕಡಿಮೆ. ಆದರೂ ಗಂಟೆಗೆ 450 ಘನ ಮೀಟರಿನಷ್ಟು ಆಯಿತು. ಅಷ್ಟನ್ನು ನದಿಯಿಂದ ತಂದು ತುಂಬಲೇಬೇಕು.

ಆವಿ ಹೋಗುತ್ತದೆ, ಉಪ್ಪು ಉಳಿಯುತ್ತದೆ

ಈ ಮಾತು ಕಾಲುವೆ ನೀರಿನ ರೈತನಿಗೆ ಚೆನ್ನಾಗಿ ಗೊತ್ತು. ಬಸಿಗಾಲುವೆ ಇಲ್ಲದ ಎರೆ ಹೊಲಕ್ಕೆ ವರ್ಷವರ್ಷವೂ ನೀರು ಕಟ್ಟಿದರೆ ಏನಾಗುತ್ತದೆ? ನೀರನ್ನು ಬಿಸಿಲು ಕುಡಿಯುತ್ತದೆ, ಉಪ್ಪು ಮಣ್ಣಿನಲ್ಲಿ ನಿಲ್ಲುತ್ತದೆ, ಕೊನೆಗೆ ಭೂಮಿ ಸವಳಾಗುತ್ತದೆ. ತಂಪು ಗೋಪುರವೂ ಹಾಗೆಯೇ. ಆವಿಯಾಗಿ ಹೋಗುವುದು ಶುದ್ಧ ನೀರು ಮಾತ್ರ. ಸುಣ್ಣ, ಉಪ್ಪು, ಮಣ್ಣು ಎಲ್ಲವೂ ತೊಟ್ಟಿಯಲ್ಲಿ ಉಳಿದು, ಸುತ್ತು ಸುತ್ತಿಗೂ ನೀರು ಗಟ್ಟಿಯಾಗುತ್ತ ಹೋಗುತ್ತದೆ.

ಆದುದರಿಂದ ಹೊಲಕ್ಕೆ ಬಸಿಗಾಲುವೆ ಇದ್ದಂತೆ ಅಲ್ಲಿಯೂ ಸ್ವಲ್ಪ ಗಟ್ಟಿ ನೀರನ್ನು ಹೊರಗೆ ಬಿಡಬೇಕು. ಇದಕ್ಕೆ ಕಾರ್ಖಾನೆಯವರು ಬ್ಲೋಡೌನ್ ಎನ್ನುತ್ತಾರೆ. ಎಷ್ಟು ಬಿಡಬೇಕೆಂಬ ಲೆಕ್ಕ ಸರಳವಾಗಿದೆ. ನೂರು ಲೀಟರ್ ಆವಿಯಾಯಿತು ಎನ್ನೋಣ. ತೊಟ್ಟಿಯ ನೀರಿನ ಉಪ್ಪು ನದಿಯ ನೀರಿನ ಎರಡು ಪಟ್ಟು ಮೀರಬಾರದೆಂದರೆ ಇನ್ನೂ ನೂರು ಲೀಟರ್ ಹೊರಗೆ ಬಿಡಬೇಕು. ಮೂರು ಪಟ್ಟಿನವರೆಗೆ ತಾಳಿಕೊಂಡರೆ 50 ಲೀಟರ್ ಸಾಕು. ಐದು ಪಟ್ಟಾದರೆ 25 ಲೀಟರ್ ಮಾತ್ರ.

ಇಲ್ಲಿಯೇ ರೈತನ ಹಿತ ಅಡಗಿದೆ. ಗಂಟೆಗೆ 450 ಘನ ಮೀಟರ್ ಆವಿಯಾಗುವ ಘಟಕವೊಂದು ಮೂರು ಪಟ್ಟಿನಿಂದ ಐದು ಪಟ್ಟಿಗೆ ಏರಿದರೆ, ಹೊರಬಿಡುವ ನೀರು 225ರಿಂದ 112 ಘನ ಮೀಟರಿಗೆ ಇಳಿಯುತ್ತದೆ. ದಿನಕ್ಕೆ ಸುಮಾರು 27 ಲಕ್ಷ ಲೀಟರ್ ಉಳಿಯಿತು. ಒಂದು ಎಕರೆಗೆ ಒಂದು ಅಂಗುಲ ನೀರು ನಿಲ್ಲಿಸಲು ಒಂದು ಲಕ್ಷ ಲೀಟರಿಗೆ ತುಸು ಮೇಲೆ ಬೇಕು. ಎಂದರೆ ಒಂದೇ ಘಟಕದ ಒಂದು ದಿನದ ಉಳಿತಾಯದಲ್ಲಿ 26 ಎಕರೆ ಹೊಲಕ್ಕೆ ಅಂಗುಲ ನೀರು ಕೊಡಬಹುದು.

ಈ ಉಳಿತಾಯಕ್ಕೆ ಕಾನೂನೂ ಬಂದಿದೆ. 2015ರ ಡಿಸೆಂಬರಿನಲ್ಲಿ ಕೇಂದ್ರ ಪರಿಸರ ಸಚಿವಾಲಯವು ತಂಪು ಗೋಪುರವುಳ್ಳ ಹಳೆಯ ಶಾಖೋತ್ಪನ್ನ ಸ್ಥಾವರಗಳು ಪ್ರತಿ ಮೆಗಾವಾಟ್-ಗಂಟೆಗೆ 3.5 ಘನ ಮೀಟರಿಗಿಂತ ಹೆಚ್ಚು ನೀರು ಬಳಸಕೂಡದೆಂದು ವಿಧಿಸಿತು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಒಂದು ಯೂನಿಟ್ ಕರೆಂಟಿಗೆ ಮೂರೂವರೆ ಲೀಟರ್ ನೀರು. ನಿಮ್ಮ ಐದು ಅಶ್ವಶಕ್ತಿಯ ಪಂಪು ಒಂದು ಗಂಟೆ ಓಡಿದರೆ ಹೆಚ್ಚುಕಡಿಮೆ ನಾಲ್ಕು ಯೂನಿಟ್ ಖರ್ಚು. ಆ ಕರೆಂಟು ಇಂಥ ಸ್ಥಾವರದಿಂದ ಬಂದಿದ್ದರೆ, ಅದರ ಹಿಂದೆ ನದಿಯ ಒಂದು ಕೊಡ ನೀರೂ ಖರ್ಚಾಗಿರುತ್ತದೆ.

ಮೂರು ಕಾಟಗಳು

ನೀರನ್ನು ಹೆಚ್ಚು ಸುತ್ತು ತಿರುಗಿಸಿದಷ್ಟೂ ಉಳಿತಾಯವೇನೋ ಹೌದು. ಆದರೆ ನೀರು ಗಟ್ಟಿಯಾದಷ್ಟೂ ಮೂರು ಕಾಟಗಳು ಹೆಚ್ಚುತ್ತವೆ.

ಮೊದಲನೆಯದು ಸುಣ್ಣ. ನೀರು ಕಾಯಿಸುವ ಹಂಡೆಯ ಒಳಗೆ ಕಟ್ಟುವ ಬಿಳಿ ಹಕ್ಕಳೆಯೇ ಕಂಡೆನ್ಸರ್ ಕೊಳವೆಯಲ್ಲೂ ಕಟ್ಟುತ್ತದೆ. ಇದಕ್ಕೆ ಅಳತೆಯ ಗಂಧಕಾಮ್ಲವನ್ನೂ, ಸುಣ್ಣ ಹರಳುಗಟ್ಟದಂತೆ ತಡೆಯುವ ರಾಸಾಯನಿಕಗಳನ್ನೂ ಬಳಸುತ್ತಾರೆ.

ಎರಡನೆಯದು ತುಕ್ಕು. ಹಿಂದೆ ತುಕ್ಕು ತಡೆಯಲು ಕ್ರೋಮಿಯಂ ಲವಣಗಳನ್ನು ಧಾರಾಳವಾಗಿ ಬಳಸುತ್ತಿದ್ದರು. ಅವು ಜೀವಕ್ಕೆ ವಿಷವೆಂದು ಕಂಡುಬಂದ ಮೇಲೆ ಅಮೆರಿಕವು 1990ರ ದಶಕದಲ್ಲಿ ತಂಪು ಗೋಪುರಗಳಲ್ಲಿ ಅವುಗಳ ಬಳಕೆಯನ್ನು ನಿಷೇಧಿಸಿತು. ಈಗ ರಂಜಕ, ಸತುವುಗಳ ಸಂಯುಕ್ತಗಳು ಆ ಕೆಲಸ ಮಾಡುತ್ತವೆ.

ಮೂರನೆಯದು ದುಂಡಾಣು. ಎಲ್ಲಕ್ಕಿಂತ ಮೋಸದ ಕಾಟವಿದು. ಹತ್ತಿಯ, ಭತ್ತದ ದುಂಡಾಣು ಅಂಗಮಾರಿಯನ್ನು ಕಂಡ ನಿಮಗೆ ಈ ಹೆಸರು ಹೊಸದಲ್ಲ. ತಂಪು ಗೋಪುರದಲ್ಲಿ ಅದಕ್ಕೆ ಬೇಕಾದ್ದೆಲ್ಲ ಇದೆ: 30ರಿಂದ 40 ಡಿಗ್ರಿಯ ಹದವಾದ ಬೆಚ್ಚನೆ ನೀರು, ಗಾಳಿ, ಗಾಳಿಯೊಡನೆ ಬರುವ ಧೂಳು, ನದಿಯ ಜೊತೆಗೆ ಬರುವ ಮಣ್ಣು, ಬಿಸಿಲು ಬಿದ್ದಲ್ಲಿ ಪಾಚಿ. ಹದ ಸಿಕ್ಕರೆ ಕೆಲವು ಜಾತಿಯ ದುಂಡಾಣುಗಳು ಅರ್ಧ ಗಂಟೆಗೊಮ್ಮೆ ಇಮ್ಮಡಿಸುತ್ತವೆ. ಒಂದು ಇದ್ದದ್ದು ಹತ್ತು ಗಂಟೆಯಲ್ಲಿ ಹತ್ತು ಲಕ್ಷವಾಗಬಲ್ಲದು.

"ಹರಿಯುವ ನೀರಿಗೆ ಕೊಳೆಯಿಲ್ಲ" ಎಂಬ ನಂಬಿಕೆ ಇದೆ. ಹೊಳೆಗೆ ಅದು ಒಪ್ಪುತ್ತದೆ. ಒಂದೇ ನೀರು ಸುತ್ತಿ ಸುತ್ತಿ ಬರುವಲ್ಲಿ ಒಪ್ಪುವುದಿಲ್ಲ.

ಲೋಳೆ ಎಂಬ ಕೋಟೆ

ನೀರಿನಲ್ಲಿ ತೇಲುವ ದುಂಡಾಣು ಅಷ್ಟು ಅಪಾಯಕಾರಿಯಲ್ಲ. ಅದು ಕೊಳವೆಯ ಗೋಡೆಗೆ ಅಂಟಿ ತನ್ನ ಸುತ್ತ ಲೋಳೆ ಕಟ್ಟಿಕೊಂಡಾಗ ಕೆಡಕು ಆರಂಭ. ಲೋಳೆ ಶಾಖವನ್ನು ಸುಣ್ಣದ ಹಕ್ಕಳೆಗಿಂತಲೂ ಹೆಚ್ಚು ತಡೆಯುತ್ತದೆ. ಕಾಗದದಷ್ಟು ತೆಳುವಾಗಿ ಹಿಡಿದರೂ ಉಗಿ ಸರಿಯಾಗಿ ತಣಿಯದೆ, ಅದೇ ಕರೆಂಟಿಗೆ ಹೆಚ್ಚು ಕಲ್ಲಿದ್ದಲು ಸುಡಬೇಕಾಗುತ್ತದೆ.

ಲೋಳೆಯ ಅಡಿಯಲ್ಲಿ ಗಾಳಿ ಸುಳಿಯದು. ಅಂಥಲ್ಲಿ ಬೇರೊಂದು ಜಾತಿಯ ದುಂಡಾಣು ನೆಲೆಸಿ ಕಬ್ಬಿಣವನ್ನೇ ಚುಚ್ಚಿ ತಿನ್ನತೊಡಗುತ್ತದೆ. ಬಹುಕಾಲ ನೀರು ನಿಂತ ಗದ್ದೆಯ ಕೆಸರು ಕಲಕಿದಾಗ ಕೊಳೆತ ಮೊಟ್ಟೆಯ ವಾಸನೆ ಬರುವುದುಂಟಲ್ಲವೆ? ಇದೂ ಆ ವಾಸನೆಯ ಬಳಗದ ಜೀವಿಯೇ.

ಔಷಧ, ಅದರ ಹದ

ದುಂಡಾಣುವಿಗೆ ಹಳೆಯ ಮದ್ದು ಕ್ಲೋರಿನ್. ದೊಡ್ಡ ಸ್ಥಾವರಗಳಲ್ಲಿ ಅನಿಲದ ಸಿಲಿಂಡರಿನಿಂದಾಗಲಿ, ದ್ರವ ಹೈಪೋಕ್ಲೋರೈಟಿನಿಂದಾಗಲಿ ಅಳೆದು ಬಿಡುತ್ತಾರೆ. ಇದಕ್ಕೊಂದು ಹದವಿದೆ. ನೀರು ಕ್ಷಾರವಾದಷ್ಟೂ ಕ್ಲೋರಿನ್ನಿನ ಕಸುವು ಇಳಿಯುತ್ತದೆ. ನೀರಿನ ಪಿಎಚ್ 7.5 ಇದ್ದಾಗ ಅರ್ಧದಷ್ಟು ಕ್ಲೋರಿನ್ ಚುರುಕು ರೂಪದಲ್ಲಿರುತ್ತದೆ, 8.5ಕ್ಕೆ ಏರಿದರೆ ಹತ್ತರಲ್ಲಿ ಒಂದು ಪಾಲು ಮಾತ್ರ. ಅದಕ್ಕಾಗಿಯೇ ಕ್ಷಾರದ ನೀರಿಗೆ ಬ್ರೋಮಿನ್ ಅಥವಾ ಕ್ಲೋರಿನ್ ಡೈ ಆಕ್ಸೈಡ್ ಬಳಸುವುದುಂಟು.

ಒಂದೇ ಮದ್ದನ್ನು ಸದಾ ಹಾಕುವುದೂ ಸಲ್ಲದು. ಒಂದೇ ಕೀಟನಾಶಕವನ್ನು ಮತ್ತೆ ಮತ್ತೆ ಹೊಡೆದು ಹತ್ತಿಯ ಕಾಯಿಕೊರಕ ಜಗ್ಗದಂತಾದುದನ್ನು ನೀವು ಕಂಡಿದ್ದೀರಿ. ಕಾರ್ಖಾನೆಯವರೂ ಕ್ಲೋರಿನ್ನಿನ ನಡುನಡುವೆ ಬೇರೆ ಜಾತಿಯ ದುಂಡಾಣು ನಾಶಕಗಳನ್ನು ಸರದಿಯಂತೆ ಬಳಸುತ್ತಾರೆ. ಲೋಳೆಯ ಪದರನ್ನು ಸಡಿಲಿಸುವ ದ್ರವವನ್ನೂ ಕೂಡಿಸುತ್ತಾರೆ. ಒಂದು ಮಿಲಿ ಲೀಟರ್ ನೀರಿನಲ್ಲಿ ದುಂಡಾಣುಗಳ ಸಂಖ್ಯೆ ಲಕ್ಷ ದಾಟಿತೆಂದರೆ ಆರೈಕೆ ಹದ ತಪ್ಪಿದೆ ಎಂದೇ ತಿಳಿಯಬೇಕು.

ಮದ್ದು ಹೆಚ್ಚಾದರೂ ಕೇಡೇ. ಉಳಿದ ಕ್ಲೋರಿನ್ ಹೊಳೆಗೆ ಸೇರಿದರೆ ಮೀನಿಗೆ ಕುತ್ತು. ನಮ್ಮ ದೇಶದ ಪರಿಸರ ನಿಯಮಗಳ ಪ್ರಕಾರ, ತಂಪು ಗೋಪುರದಿಂದ ಹೊರಬಿಡುವ ನೀರಿನ ಪ್ರತಿ ಲೀಟರಿನಲ್ಲಿ ಉಳಿದ ಕ್ಲೋರಿನ್ ಅರ್ಧ ಮಿಲಿಗ್ರಾಂ, ಸತುವು 1 ಮಿಲಿಗ್ರಾಂ, ಕ್ರೋಮಿಯಂ 0.2 ಮಿಲಿಗ್ರಾಂ, ಫಾಸ್ಫೇಟ್ 5 ಮಿಲಿಗ್ರಾಂ ಮೀರಬಾರದು. ಈ ನಾಲ್ಕು ಅಂಕಿಗಳನ್ನು ನಿಮ್ಮ ವಾಚನಾಲಯದ ಗೋಡೆಗೆ ಬರೆದು ಹಚ್ಚಿರಿ. ಅಹವಾಲು ಸಭೆ ನಡೆದಾಗ, "ನೀರು ಹೊಲಸಾಗಿದೆ" ಎಂದು ಬರಿದೆ ಕೂಗುವುದಕ್ಕಿಂತ "ಈ ನಾಲ್ಕರ ಪರೀಕ್ಷಾ ವರದಿ ತೋರಿಸಿರಿ" ಎಂದು ಕೇಳುವ ರೈತನ ಮಾತಿಗೆ ಹೆಚ್ಚು ತೂಕವಿರುತ್ತದೆ.

ತುಂತುರಿನಲ್ಲಿ ಬರುವ ರೋಗ

1976ರ ಜುಲೈ ತಿಂಗಳಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ ಒಂದು ಹೋಟೆಲಿನಲ್ಲಿ ಮಾಜಿ ಸೈನಿಕರ ಸಮಾವೇಶ ನಡೆಯಿತು. ಅದಾದ ಕೆಲವೇ ದಿನಗಳಲ್ಲಿ 221 ಜನ ನ್ಯುಮೋನಿಯಾದಂಥ ಜ್ವರದಿಂದ ಮಲಗಿದರು. 34 ಜನ ತೀರಿಕೊಂಡರು. ಕಾರಣವಾದ ದುಂಡಾಣು ಪತ್ತೆಯಾದದ್ದು 1977ರ ಜನವರಿಯಲ್ಲಿ. ಸೈನಿಕರ ಆ ಸಂಘದ ಹೆಸರಿನಿಂದಲೇ ಅದನ್ನು ಲೀಜಿಯೊನೆಲ್ಲಾ ಎಂದು ಕರೆದರು. ಕಟ್ಟಡದ ಹವಾನಿಯಂತ್ರಣಕ್ಕಿದ್ದ ತಂಪು ಗೋಪುರದ ಮೇಲೆ ಸಂಶಯ ಬಿತ್ತು. 2015ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯಲ್ಲಿ ಒಂದು ಹೋಟೆಲಿನ ತಂಪು ಗೋಪುರದಿಂದ ಇದೇ ರೋಗ ಹರಡಿ 138 ಜನ ಹಾಸಿಗೆ ಹಿಡಿದರು, 16 ಜನ ಸತ್ತರು. ಆ ಮೇಲೆ ಆ ನಗರವು ಪ್ರತಿ ತಂಪು ಗೋಪುರವನ್ನೂ ನೋಂದಾಯಿಸಿ ತಪಾಸಣೆ ಮಾಡಿಸುವ ಕಾನೂನು ತಂದಿತು.

ಈ ರೋಗ ಒಬ್ಬರಿಂದ ಒಬ್ಬರಿಗೆ ಅಂಟುವಂಥದಲ್ಲ. ದುಂಡಾಣು ಬೆಳೆದ ನೀರಿನ ಸಣ್ಣ ತುಂತುರು ಉಸಿರಿನೊಡನೆ ಶ್ವಾಸಕೋಶಕ್ಕೆ ಇಳಿದಾಗ ಬರುತ್ತದೆ. 20ರಿಂದ 45 ಡಿಗ್ರಿ ಬೆಚ್ಚಗಿನ ನೀರು, ಲೋಳೆ, ಕೆಸರು ಇದ್ದಲ್ಲಿ ಅದು ಬೆಳೆಯುತ್ತದೆ. ವಯಸ್ಸಾದವರಿಗೆ, ಬೀಡಿ ಸೇದುವವರಿಗೆ, ಸಕ್ಕರೆ ಕಾಯಿಲೆ ಇದ್ದವರಿಗೆ ಅಪಾಯ ಹೆಚ್ಚು.

ಕೂಲಿಗೆ ಹೋಗುವ ಹುಡುಗರಿಗೆ

ಘಟಕ ನಿಂತಾಗ ಗೋಪುರದ ತೊಟ್ಟಿಯ ಕೆಸರು ತೆಗೆಯುವುದು, ಲೋಳೆ ಉಜ್ಜುವುದು ಕೂಲಿ ಕೆಲಸ. ನಿಮ್ಮ ಮಗನೋ ತಮ್ಮನೋ ಅಂಥ ಕೆಲಸಕ್ಕೆ ಎಲ್ಲಿಗೇ ಹೋಗುತ್ತಿದ್ದರೂ ಈ ಮಾತುಗಳನ್ನು ಅವನಿಗೆ ಹೇಳಿರಿ.

ಬಾಯಿ ಮೂಗಿಗೆ ಬರಿ ಟವೆಲ್ ಸುತ್ತಿದರೆ ಸಾಲದು. ಸಣ್ಣ ತುಂತುರನ್ನು ತಡೆಯುವ ಸರಿಯಾದ ಮಾಸ್ಕು, ಬೂಟು, ಕೈಗವಸು ಕೇಳಿ ಪಡೆಯಬೇಕು. ಕೊಡುವುದು ಕೆಲಸ ಮಾಡಿಸುವವರ ಹೊಣೆ. ಫ್ಯಾನು ನಿಲ್ಲಿಸಿ, ನೀರಿಗೆ ಕ್ಲೋರಿನ್ ಹಾಕಿ ಮುಗಿದ ಮೇಲೆಯೇ ಒಳಗಿಳಿಯಬೇಕು. ಕೆಲಸ ಮಾಡಿ ಬಂದ ಎರಡು ವಾರದೊಳಗೆ ಜೋರು ಜ್ವರ, ಕೆಮ್ಮು, ಉಬ್ಬಸ ಬಂದರೆ ವೈದ್ಯರಿಗೆ "ಇಂಥ ಕಡೆ ಕೆಲಸ ಮಾಡಿದ್ದೆ" ಎಂದು ತಾನಾಗಿಯೇ ಹೇಳಬೇಕು. ಏಕೆಂದರೆ ಪೆನಿಸಿಲಿನ್ ಜಾತಿಯ ಮದ್ದು ಈ ರೋಗಕ್ಕೆ ನಾಟುವುದಿಲ್ಲ. ನಾಟುವ ಮದ್ದುಗಳಿವೆ, ವೈದ್ಯರಿಗೆ ಸಂಶಯ ಬಂದರೆ ಬೇಗ ಕೊಡುತ್ತಾರೆ, ರೋಗಿ ಬದುಕುತ್ತಾನೆ.

ಕ್ಲೋರಿನ್ ಅನಿಲ ಗಾಳಿಗಿಂತ ಭಾರ. ಸೋರಿದರೆ ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ. ಕಟುವಾಸನೆ ಬಂದೊಡನೆ ಗಾಳಿಗೆ ಅಡ್ಡಲಾಗಿ, ಎತ್ತರದ ಕಡೆಗೆ ಹೋಗಬೇಕು. ಹಳ್ಳದಲ್ಲಿ ಅಡಗಕೂಡದು.

ಬ್ಲೋಡೌನ್ ನೀರನ್ನು ಹೊಲಕ್ಕೆ ಕಟ್ಟಬಹುದೆ?

ಬೇಸಿಗೆಯಲ್ಲಿ ಎಲ್ಲಿಯಾದರೂ ಕಾರ್ಖಾನೆಯ ಕಾಲುವೆಯಲ್ಲಿ ನೀರು ಕಂಡರೆ ಆಸೆಯಾಗುವುದು ಸಹಜ. ಪರೀಕ್ಷೆ ಮಾಡಿಸದೆ ಕಟ್ಟಬೇಡಿರಿ. ನೀರಿನ ಉಪ್ಪನ್ನು ಅದರ ವಿದ್ಯುತ್ ವಾಹಕತೆಯಿಂದ ಅಳೆಯುತ್ತಾರೆ. ಅದು 0.7ಕ್ಕಿಂತ ಕಡಿಮೆ ಇದ್ದರೆ ನೀರಾವರಿಗೆ ತೊಂದರೆಯಿಲ್ಲ. 3 ದಾಟಿದರೆ ಬಹಳ ತೊಂದರೆ. ನದಿಯ ನೀರು 0.5 ಇದೆ ಎನ್ನೋಣ. ಐದು ಪಟ್ಟು ಗಟ್ಟಿಯಾದ ಮೇಲೆ ಅದು 2.5 ಆಯಿತು. ನೀರು ಬಸಿಯದ ಎರೆ ಭೂಮಿಗೆ ಇಂಥ ನೀರು ವರ್ಷವರ್ಷವೂ ಬಿದ್ದರೆ, ಅಜ್ಜ ಬಿಟ್ಟುಹೋದ ಹೊಲ ಮೊಮ್ಮಗನ ಕಾಲಕ್ಕೆ ಸವಳಾಗುತ್ತದೆ. ಒಂದು ಲೀಟರ್ ನೀರನ್ನು ಶುದ್ಧ ಬಾಟಲಿಯಲ್ಲಿ ತುಂಬಿ, ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿರಿ. ಇಲ್ಲವೆ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ತಜ್ಞರಿಗೆ ತೋರಿಸಿರಿ. ದನಗಳಿಗೂ ಆ ನೀರನ್ನು ಕುಡಿಸಬೇಡಿರಿ.

ನಿಮ್ಮ ಮನೆಯಲ್ಲಿ, ನಿಮ್ಮ ಹೊಲದಲ್ಲಿ

ಮನೆಯ ಏರ್ ಕೂಲರ್ ಒಂದು ಪುಟ್ಟ ತಂಪು ಗೋಪುರವೇ. ದಿನವೂ ಮೇಲೆ ಮೇಲೆ ನೀರು ಸುರಿಯುತ್ತಲೇ ಹೋದರೆ ತೊಟ್ಟಿಯಲ್ಲಿ ಉಪ್ಪೂ ಲೋಳೆಯೂ ಕೂಡುತ್ತವೆ. ಡೆಂಗೆ ಹರಡುವ ಸೊಳ್ಳೆಯೂ ಮೊಟ್ಟೆಯಿಡುತ್ತದೆ. ವಾರಕ್ಕೊಮ್ಮೆ ತೊಟ್ಟಿಯನ್ನು ಪೂರ್ತಿ ಖಾಲಿ ಮಾಡಿ, ಉಜ್ಜಿ, ಒಣಗಿಸಿ ಹೊಸ ನೀರು ತುಂಬಿರಿ. ಬಿಳಿ ಉಪ್ಪು ಕಟ್ಟಿದ ಹುಲ್ಲಿನ ತಟ್ಟಿಯನ್ನು ಬೇಸಿಗೆಯ ಮೊದಲಲ್ಲೇ ಬದಲಿಸಿರಿ.

ಹನಿ ನೀರಾವರಿಯ ಕೊಳವೆ ಕಟ್ಟುವುದೂ ಸುಣ್ಣದಿಂದ, ಲೋಳೆಯಿಂದ. ಲೋಳೆಗೆ ಬ್ಲೀಚಿಂಗ್ ಪುಡಿ ಒಳ್ಳೆಯ ಮದ್ದು. ಪ್ರತಿ ಲೀಟರ್ ನೀರಿಗೆ 10 ಮಿಲಿಗ್ರಾಂ ಕ್ಲೋರಿನ್ ಇರುವಂತೆ ಅರ್ಧ ಗಂಟೆ ಹಾಯಿಸಿದರೆ ಸಾಕು. ನಿಮ್ಮ ಪಂಪು ಗಂಟೆಗೆ ಹತ್ತು ಸಾವಿರ ಲೀಟರ್ ಕೊಡುತ್ತದೆ ಎನ್ನೋಣ. ಅರ್ಧ ಗಂಟೆಗೆ ಐದು ಸಾವಿರ ಲೀಟರ್. ಬೇಕಾದ ಕ್ಲೋರಿನ್ 50 ಗ್ರಾಂ. ಪುಡಿಯಲ್ಲಿ ನೂರಕ್ಕೆ 25 ಪಾಲು ಕ್ಲೋರಿನ್ ಇದ್ದರೆ 200 ಗ್ರಾಂ ಪುಡಿ ಬೇಕು. ಪುಡಿಯನ್ನು ಬಕೆಟ್ ನೀರಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಬಳಸಿರಿ. ಅನಂತರ ಕೊಳವೆಗಳ ತುದಿ ಬಿಚ್ಚಿ ತೊಳೆಯಿರಿ. ಆ ಹೊತ್ತಿನಲ್ಲಿ ಗೊಬ್ಬರವನ್ನಾಗಲಿ ಕೀಟನಾಶಕವನ್ನಾಗಲಿ ಬಿಡಬೇಡಿರಿ.

ಸುಣ್ಣಕ್ಕೆ ಆಮ್ಲದ ಉಪಚಾರ. ಅದರ ಅಳತೆಯನ್ನೂ ಹೊತ್ತನ್ನೂ ಕೊಳವೆ ಕೊಟ್ಟ ಕಂಪನಿಯ ಕೈಪಿಡಿಯಂತೆ ನಡೆಸಿರಿ. ಆಮ್ಲವನ್ನು ನೀರಿಗೆ ಸುರಿಯಬೇಕು; ನೀರನ್ನು ಆಮ್ಲಕ್ಕೆ ಸುರಿಯಬಾರದು. ಎಲ್ಲಕ್ಕೂ ಮುಖ್ಯವಾಗಿ, ಆಮ್ಲವನ್ನೂ ಬ್ಲೀಚಿಂಗ್ ಪುಡಿಯನ್ನೂ ಎಂದಿಗೂ ಕೂಡಿಸಬೇಡಿರಿ, ಒಂದೇ ಬಕೆಟ್ಟನ್ನೂ ಬಳಸಬೇಡಿರಿ. ಕೂಡಿದರೆ ಹೊರಡುವುದು ಮೇಲೆ ಹೇಳಿದ ಅದೇ ಕ್ಲೋರಿನ್ ಅನಿಲ. ಪಂಪಿನ ಕೋಣೆಯಲ್ಲಿ ಅದು ಜೀವಕ್ಕೆ ಎರವಾದೀತು.

ಹರವಿಗೂ ತಂಪು ಗೋಪುರಕ್ಕೂ ಎರೆ ಹೊಲಕ್ಕೂ ನೀರಿನ ಲೆಕ್ಕ ಒಂದೇ. ಬಳಸಿದ ನೀರು ಕಣ್ಣಿಗೆ ಕಾಣದ್ದನ್ನು ಹಿಂದೆ ಬಿಟ್ಟು ಹೋಗುತ್ತದೆ. ಅದನ್ನು ಅಳೆಯುತ್ತಿರಬೇಕು, ಹೊತ್ತಿಗೆ ಸರಿಯಾಗಿ ತೆಗೆಯಬೇಕು, ತೆಗೆದದ್ದು ಎಲ್ಲಿಗೆ ಹೋಗುತ್ತದೆಂದು ನೋಡಬೇಕು. ಕಾರ್ಖಾನೆ ಆ ಲೆಕ್ಕವನ್ನು ಸರಿಯಾಗಿ ಇಟ್ಟರೆ ಹೊಳೆಯಲ್ಲಿ ನೀರು ಉಳಿಯುತ್ತದೆ. ಕೇಳಿ ತಿಳಿಯುವ ಹಕ್ಕು ಹೊಳೆಯ ನೀರು ಬಳಸುವ ನಿಮಗಿದೆ. ಈ ಬೇಸಿಗೆ ಆ ಕೆಲಸವನ್ನು ನಿಮ್ಮ ಮನೆಯ ಕೂಲರ್ ತೊಟ್ಟಿಯಿಂದಲೇ ಆರಂಭಿಸಿರಿ.